ಕಿಡಕಿ ವಿಚಾರ ನಡದೈತಿ

ಒಂದು ತಂಬಿಗೆ ನೀರು ಕುಡಿಯಲು ಎಷ್ಟು ಹೊತ್ತು ಬೇಕು? ಬಾಯಿ ತೆರೆಯಬೇಕು, ಸುರಿದುಕೊಳ್ಳಬೇಕು, ಮುಗಿಯಿತು, ಅದಕ್ಕೇನು ಮಹಾ ಎಂದು ನೀವು ನಗಬಹುದು. ಹಾಗೆ ನಗುವವರು ನಮ್ಮ ಕಾಕಾನನ್ನು ನೋಡಿಲ್ಲ ಎಂದೇ ಅರ್ಥ! ಕಾಕಾ ನೀರು ಕೇಳಿದರೆಂದರೆ ಮೊದಲು ಅದು ಯಾವ ಕೊಡದ್ದು ಎಂಬ ವಿಚಾರಣೆ ಆಗಬೇಕು. ಬೆಳಿಗ್ಗೆ ತುಂಬಿದ್ದೋ, ನಿನ್ನೆ ಸಂಜೆಯದೋ? ಮಣ್ಣಿನ ಕೊಡದ್ದೋ, ತಾಮ್ರದ್ದೋ? ಬಿಸಿಲಿನಿಂದ ಬಂದ ಮೈಗೆ ತಣ್ಣೀರು ಒಗ್ಗುತ್ತದೋ, ನೆಗಡಿ ತರುತ್ತದೋ? ಇಷ್ಟೆಲ್ಲ ಇತ್ಯರ್ಥವಾಗುವ ಹೊತ್ತಿಗೆ ಬಾಯಾರಿಕೆಯೇ ಬೇಸತ್ತು ಹೊರಟುಹೋಗಿರುತ್ತಿತ್ತು. ತಂಬಿಗೆ ಹಿಡಿದು ನಿಂತ ಕಾಕಿ ಆ ನೀರನ್ನು ತಾನೇ ಗಟಗಟ ಕುಡಿದು ಒಳಗೆ ಹೋಗುತ್ತಿದ್ದಳು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಬಾಗಲಕೋಟೆಯ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿ. ಅಂಗಡಿಯಲ್ಲಿ ಅವರ ಕೆಲಸ ಬಲು ಚೊಕ್ಕ, ಬಲು ನೇರ. ಮನೆಗೆ ಬಂದು ಚಪ್ಪಲಿ ಬಿಟ್ಟರೋ, ಅಲ್ಲಿಂದ ಎಲ್ಲವೂ ಗೋಜಲು. ಚಪ್ಪಲಿಯನ್ನೂ ಸುಮ್ಮನೆ ಬಿಡುವವರಲ್ಲ, ಬಿಸಿಲಿಗೆ ಚರ್ಮ ಬಿರಿಯುತ್ತದೆ, ನೆರಳಿಗಿಟ್ಟರೆ ನಾಯಿ ಒಯ್ಯುತ್ತದೆ ಎಂದು ಹೊಸಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಡುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು ಮತ್ತು ಕಾಕಿ, ಇಬ್ಬರೇ. ಇಬ್ಬರಿರುವ ಮನೆಯಲ್ಲಿ ಇಷ್ಟೊಂದು ತೊಡಕುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾನಾಗ ಹುನಗುಂದದಲ್ಲಿ ಸಾಲಿ ಮಾಸ್ತರನಾಗಿದ್ದೆ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ, ಪ್ರತಿ ಸಲವೂ ತಲೆ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ಒಮ್ಮೆ ಬಾದಾಮಿಗೆ ಹೋಗಿ ಬನಶಂಕರಿಗೆ ಕಾಯಿ ಒಡೆಸಿಕೊಂಡು ಬರಬೇಕೆಂದು ಕಾಕಿಗೆ ಆಸೆಯಾಯಿತು. ಬಾಗಲಕೋಟೆಯಿಂದ ಬಾದಾಮಿಗೆ ಏನು ಮಹಾ ದೂರ? ಸ್ಟೇಶನ್ನಿಗೆ ಹೋಗಿ ರೈಲು ಹತ್ತಿದರೆ ಸರಿ. ಆದರೆ ಅಷ್ಟು ಸುಲಭವಾಗಿ ದೇವರ ದರ್ಶನವಾದರೆ ಕಾಕಾನಿಗೆ ಹೇಗೆ ಸಮಾಧಾನವಾದೀತು! ಒಂದು ಮಧ್ಯಾಹ್ನ ಗಂಡಹೆಂಡತಿ ಬುತ್ತಿಗಂಟು ಹಿಡಿದು ಹುನಗುಂದದ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತರು.

"ಬದಾಮಿಗೆ ಹೊಂಟೇವಿ" ಎಂದರು ಕಾಕಾ.

"ಬದಾಮಿ ಆ ಕಡೆ ಐತಿ ಅಲ್ರಿ ಕಾಕಾ! ನೀವು ಈ ಕಡೆ ಬಂದೀರಿ!"

"ಅದು ನಿನಗ ತಿಳಿಯೂದಿಲ್ಲ. ರೈಲಿನ ಹೊಗಿ ಕಣ್ಣಿಗೆ ಭಾಳ ಕೆಟ್ಟ. ನಿನ್ನ ಕಾಕಿ ಕಣ್ಣು ಮೊದಲ ನಾಜೂಕು. ಇನ್ನ ಬಾಗಲಕೋಟಿ ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಗೂದಿಲ್ಲ. ಹುನಗುಂದದಿಂದ ಹೊರಡೂ ಬಸ್ಸು ಖಾಲಿ ಇರತೈತಿ. ಆರಾಮ ಕಿಡಕಿ ಬಾಜೂಕ ಕುಂತು ಹೋಗಬಹುದು."

ಖಾಲಿ ಬಸ್ಸು ಖಾಲಿಯಾಗಿಯೇ ಬೆಳಿಗ್ಗೆ ಹೊರಟುಹೋಗಿತ್ತು. ಆ ರಾತ್ರಿ ನಮ್ಮಲ್ಲೇ ಉಳಿದರು. ಮರುದಿನದ ಬಸ್ಸಿಗೆ ಹೋಗುವುದೋ, ಇಳಕಲ್ಲಿಗೆ ಹೋಗಿ ಇನ್ನೂ ಖಾಲಿ ಇರುವ ಬಸ್ಸು ಹುಡುಕುವುದೋ ಎಂದು ಕಾಕಾ ವಿಚಾರ ಶುರು ಮಾಡಿದರು. ಕಾಕಿ ಎದ್ದು, ಸ್ನಾನ ಮಾಡಿ, ಬನಶಂಕರಿಗೆಂದು ತಂದ ತೆಂಗಿನಕಾಯಿಯನ್ನು ನಮ್ಮ ದೇವರ ಜಗಲಿಯ ಮುಂದೆ ಫಟ್ಟೆಂದು ಒಡೆದಳು.

"ಯಾಕ ಕಾಕಿ, ಇಲ್ಲೇ ಒಡದಿ?" ಎಂದೆ.

"ಬನಶಂಕರಿಗೆ ಎಲ್ಲಾ ತಿಳಿತೈತಿ ತಮ್ಮಾ. ನಾ ಇವರ ಕೈಯಾಗ ಸಿಕ್ಕೀನಿ ಅನ್ನೂದೂ ಆಕಿಗೆ ಗೊತ್ತೈತಿ" ಎಂದಳು.

ಕಾಕಾ ಜುಗ್ಗರೋ? ಅಲ್ಲ. ಕಾಕಿಯ ಮೇಲೆ ಪ್ರೀತಿ ಇರಲಿಲ್ಲವೋ? ಅದನ್ನು ಹೇಳುವುದು ಕಷ್ಟ. ಒಂದು ಸಲ ಕಾಕಿಗೆ ಸೀರೆ ತರುತ್ತೇನೆಂದು ಇಳಕಲ್ಲಿಗೆ ಹೊರಟರು, ಜೊತೆಗೆ ನನ್ನನ್ನೂ ಕರೆದುಕೊಂಡರು. ಅಂಗಡಿಗೆ ಹೋಗಿ ಒಂದು ಸೀರೆ ಆರಿಸಿ ಕಟ್ಟಿಸಿಕೊಂಡು ಬರುವುದು ಲೋಕದ ರೂಢಿ. ಕಾಕಾ ನೇರ ನೇಕಾರನ ಮನೆಗೆ ಹೋಗಿ ಮಗ್ಗದ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಕಾಕಾನಿಗೆ ಅವತ್ತು ಹೊಸದಾಗಿ ಗೊತ್ತಾಯಿತು, ಗೊತ್ತಾದದ್ದೇ ತಡ ಅವರ ತಲೆ ಓಡತೊಡಗಿತು.

"ಸೀರಿಯೊಳಗ ಮೊದಲ ಹರಿಯೂದು ಸೆರಗ, ಹೌದಲ್ಲೋ?" ಎಂದು ನೇಕಾರನನ್ನು ಕೇಳಿದರು.

"ಹೌದ್ರಿ."

"ಹಂಗಾದ್ರ ಎರಡೂ ಕಡಿ ಸೆರಗ ಕೂಡಿಸಿ ನೇಯಿ. ಒಂದು ಹರದರ ಸೀರಿ ತಿರುವಿ ಉಡಬಹುದು!"

ನೇಕಾರ ನನ್ನ ಮುಖ ನೋಡಿದ. ನಾನು ಮಗ್ಗದ ಕುಣಿ ನೋಡಿದೆ. "ಹಂಗ ಯಾರೂ ಉಡೂದಿಲ್ರೀ ಯಜಮಾನ್ರ" ಎಂದು ಅವನು ಗೋಗರೆದ. ಕಾಕಾ ಬಿಡಲಿಲ್ಲ. ಇಳಕಲ್ಲಿಗೆ ಮತ್ತೆ ಹೋದರು, ಮತ್ತೂ ಹೋದರು. ಕೊನೆಗೆ ಇವರು ತನ್ನ ಹೊಸಿಲು ತುಳಿಯುವುದು ತಪ್ಪಿದರೆ ಸಾಕೆಂದು ಆ ಬಡಪಾಯಿ ನೇಯ್ದು ಕೊಟ್ಟ. ಕಾಕಾ ಅದನ್ನು ತಂದು ದೊಡ್ಡ ಕಿಲ್ಲೆ ಗೆದ್ದವರಂತೆ ಕಾಕಿಯ ಮುಂದೆ ಬಿಚ್ಚಿ ಹಾಸಿದರು. ಕಾಕಿ ಆ ತುದಿ ನೋಡಿದಳು, ಕೆಂಪು ಸೆರಗು. ಈ ತುದಿ ನೋಡಿದಳು, ಇಲ್ಲಿಯೂ ಕೆಂಪು ಸೆರಗು. ಎರಡೂ ತುದಿ ಕೈಯಲ್ಲಿ ಹಿಡಿದು ಕೇಳಿದಳು:

"ಅಲ್ರಿ, ಇದನ್ನ ಉಟಗೊಂಡು ನಾ ಹೋಗಾಕತ್ತೀನೋ, ಬರಾಕತ್ತೀನೋ ಮಂದಿಗೆ ಹ್ಯಾಂಗ ತಿಳೀಬೇಕು?"

ನಾನು ಹೊಟ್ಟೆ ಹಿಡಿದು ನಕ್ಕೆ. ಕಾಕಿಯೂ ನಕ್ಕಳು, ನಗುತ್ತ ನಗುತ್ತ ಕೆಮ್ಮತೊಡಗಿದಳು. ಆ ಕೆಮ್ಮು ಬೇಗ ನಿಲ್ಲಲಿಲ್ಲ. ಈಗ ನಾನು ಹೇಳಬೇಕಾದದ್ದು ಆ ಕೆಮ್ಮಿನ ವಿಷಯವನ್ನೇ. ಇಲ್ಲಿಯವರೆಗೆ ನಗಿಸುತ್ತ ಬಂದದ್ದು ಅದನ್ನು ಮುಂದೂಡಲಿಕ್ಕೆ ಎಂದು ಬೇಕಾದರೆ ತಿಳಿದುಕೊಳ್ಳಿ.

ಅವರದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಒಲೆಯ ನೆತ್ತಿಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಹೊಗೆ ಅಲ್ಲಿಂದಲೇ ಹೊರಗೆ ಹೋಗಬೇಕು. ಮಳೆ ಬಂದರೆ ನಮ್ಮ ಕಡೆ ಎಲ್ಲರೂ ಏನು ಮಾಡುತ್ತಾರೆ? ಮೇಲೆ ಹತ್ತಿ ಒಂದು ಒಡಕು ಗಡಿಗೆಯನ್ನು ಅದರ ಮೇಲೆ ಬೋರಲು ಹಾಕಿ ಬರುತ್ತಾರೆ, ಮಳೆ ನಿಂತರೆ ತೆಗೆಯುತ್ತಾರೆ. ಕಾಕಾನಿಗೆ ಅದು ತೀರ ಹಳ್ಳಿಗಾಡಿನ ಉಪಾಯವೆನಿಸಿತು. ಅವರು ಒಂದು ತಗಡಿನ ಮುಚ್ಚಳ ಮಾಡಿಸಿದರು, ಬಾವಿಯ ಗಾಲಿ ತಂದರು, ಹಗ್ಗ ಹಾಯಿಸಿದರು, ಒಲೆಯ ಮೇಲೆ ಹಾಯುವ ಹಗ್ಗದ ನಡುವೆ ಭಾರಕ್ಕೆಂದು ಒಂದು ಹಳೆಯ ಗುಂಡುಕಲ್ಲು ಕಟ್ಟಿದರು. ಪಡಸಾಲೆಯಲ್ಲಿ ಕುಳಿತಲ್ಲಿಂದಲೇ ಹಗ್ಗ ಎಳೆದರೆ ಮುಚ್ಚಳ ತೆರೆಯಬೇಕು, ಬಿಟ್ಟರೆ ಮುಚ್ಚಬೇಕು. ಮೊದಲ ದಿನವೇ ಹಗ್ಗ ಬಿಟ್ಟರು. ಮುಚ್ಚಳ ಧಡಾರನೆ ಮುಚ್ಚಿತು, ಹಗ್ಗ ಹರಿಯಿತು, ಗುಂಡುಕಲ್ಲು ಬಂದು ಸಾರಿನ ಗಡಿಗೆಯೊಳಗೆ ಬಿತ್ತು. ಅವತ್ತು ಊಟವಿಲ್ಲ!

ಅದು ಹೋಗಲಿ. ಮುಚ್ಚಳ ಮಾತ್ರ ಮತ್ತೆ ತೆರೆಯಲಿಲ್ಲ. "ಮ್ಯಾಲ ಹತ್ತಿ ಕೈಲೆ ತಗದ ಬಿಡ್ರಿ" ಎಂದು ಕಾಕಿ ಬೇಡಿಕೊಂಡಳು. "ಹಂಗ ತಗದರ ಎಲ್ಲಾ ಹೊಂದಾಣಿಕಿ ಕೆಡತೈತಿ. ದುರಸ್ತಿ ಮಾಡೂ ವಿಚಾರ ನಡದೈತಿ" ಎಂದರು ಕಾಕಾ. ನಾನೊಮ್ಮೆ ಮೇಲೆ ಹತ್ತಿ ಅದನ್ನು ಕಿತ್ತೆಸೆದು ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೂ ದಪ್ಪನೆಯ ಮುಚ್ಚಳ ಬಂದು ಕೂತಿತ್ತು. ಬೆಕ್ಕು ಬೀಳುತ್ತದೆ, ಕಳ್ಳ ಇಳಿಯುತ್ತಾನೆ, ಅಕಾಲದ ಮಳೆ ಬರುತ್ತದೆ, ಅವರ ಹತ್ತಿರ ಕಾರಣಗಳಿಗೆ ಬರವೇ? ಕಾಕಿ ಮುಂಜಾನೆ ಒಲೆಯ ಮುಂದೆ ಕುಳಿತರೆ ಹೊಗೆ ಸುತ್ತಿ ಸುತ್ತಿ ಅವಳ ಮೇಲೆಯೇ ಇಳಿಯುತ್ತಿತ್ತು. ಕುಳ್ಳಿನ ಹೊಗೆ, ಹತ್ತಿಕಟ್ಟಿಗೆಯ ಹೊಗೆ. ಕಣ್ಣು ಕೆಂಡ, ಎದೆಯಲ್ಲಿ ಗೊರಗೊರ. ಬಾದಾಮಿಯ ರೈಲಿನ ಹೊಗೆಯಿಂದ ಅವಳ ಕಣ್ಣು ಕಾಪಾಡಿದ ಮನುಷ್ಯ ಇವರೇ!

"ಹೋಗಲಿ ಬಿಡ್ರಿ, ಆ ಬೆಳಕಿಂಡಿ ಬ್ಯಾಡ. ಗ್ವಾಡಿಗೆ ಒಂದು ಸಣ್ಣ ಕಿಡಕಿ ಮಾಡಿಸಿ ಕೊಡ್ರಿ. ನಾ ಬ್ಯಾರೆ ಏನೂ ಕೇಳೂದಿಲ್ಲ" ಎಂದಳು ಕಾಕಿ.

ಅವಳು ಖರೆ ಹೇಳಿದ್ದಳು, ಅದರ ನಂತರ ಆಕೆ ಬೇರೆ ಏನನ್ನೂ ಕೇಳಲಿಲ್ಲ. ಒಬ್ಬ ಗೌಂಡಿ, ಒಂದು ಹಾರೆ, ಅರ್ಧ ದಿನದ ಕೆಲಸ. ಆದರೆ ಕಾಕಾ ಅದನ್ನು ವಿಚಾರಕ್ಕೆ ತೆಗೆದುಕೊಂಡರು. ಮೂಡಣ ಗೋಡೆಗೆ ಮಾಡಿದರೆ ಬಾಜೂ ಮನೆಯವರ ಅಂಗಳಕ್ಕೆ ಹೊಗೆ ಹೋಗಿ ಜಗಳ. ಪಡುವಣಕ್ಕೆ ಮಾಡಿದರೆ ಗಾಳಿ ನುಗ್ಗಿ ಹೊಗೆ ಮತ್ತೆ ಒಳಗೆ. ತೆಂಕಣಕ್ಕೆ ಮಾಡಬಾರದೆಂದು ಯಾರೋ ಹೇಳಿದ್ದರು. ಬಡಗಣ ಗೋಡೆಯ ಆಚೆ ದೇವರ ಕೋಣೆ. ನಾಲ್ಕೇ ದಿಕ್ಕು ಇರುವುದು ನಮ್ಮ ಪುಣ್ಯ! ಅಡುಗೆಮನೆಯ ಗೋಡೆಯ ಮೇಲೆ ಕಾಕಾ ಇದ್ದಿಲಿನಿಂದ ಕಿಟಕಿಯ ಚೌಕ ಎಳೆಯುತ್ತಿದ್ದರು, ಹೊಗೆಯ ಮಸಿ ಅದನ್ನು ಅಳಿಸುತ್ತಿತ್ತು, ಮತ್ತೆ ಬೇರೆ ಕಡೆ ಎಳೆಯುತ್ತಿದ್ದರು. ಕಾಕಿ ಕೆಮ್ಮುತ್ತ ಅದನ್ನು ನೋಡುತ್ತಿದ್ದಳು.

ಇದರ ಮೇಲೆ ಅತ್ತ ಆಲಮಟ್ಟಿಯಲ್ಲಿ ಕೃಷ್ಣೆಗೆ ಆಣೆಕಟ್ಟು ಏಳುತ್ತಿತ್ತು. ಅದು ಮುಗಿದ ದಿನ ಘಟಪ್ರಭೆಯ ನೀರು ಹಿಂದಕ್ಕೇರಿ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗುತ್ತದೆ ಎಂದು ಊರೆಲ್ಲ ಮಾತು. ಕಾಕಾನ ಮನೆ ತಗ್ಗಿನ ಓಣಿಯಲ್ಲೇ. ಯಾವಾಗ ಬರುತ್ತದೆ ನೀರು? ಈ ವರ್ಷ ಎಂದರು, ಬರುವ ವರ್ಷ ಎಂದರು, ವರ್ಷಗಳು ಕಳೆದವು, ನೀರಿನ ಸುಳಿವಿಲ್ಲ. "ಮುಳುಗೂ ಊರಿಗೆ ಸುಣ್ಣ ಯಾಕ?" ಎಂದು ಜನ ಗೋಡೆಗೆ ಸುಣ್ಣ ಬಳಿಯುವುದನ್ನು ಬಿಟ್ಟರು. ಆದರೂ ಅದೇ ಮನೆಗಳಲ್ಲಿ ಮಕ್ಕಳ ಮದುವೆ ಮಾಡಿದರು, ಉಪ್ಪಿನಕಾಯಿ ಹಾಕಿದರು, ಬಾಣಂತನ ಮಾಡಿದರು. ನೀರು ಬಂದಾಗ ನೋಡೋಣವೆಂದು ಬದುಕಿದರು. ನಿಷ್ಠೆಯಿಂದ ನೀರಿನ ದಾರಿ ಕಾಯುತ್ತ ಕುಳಿತವರು ಇಡೀ ಊರಿಗೆ ನಮ್ಮ ಕಾಕಾ ಒಬ್ಬರೇ!

"ಹೆಂಗೂ ಮುಳುಗೂ ಮನಿ. ಕಿಡಕಿ ಮಾಡಿಸಿ ಏನ ಮಾಡೂದು?" ಎನ್ನುವರು. ಮರುಕ್ಷಣವೇ, "ಅಳತಿ ಮಾಡಾಕ ಸರಕಾರದವರು ಬರತಾರ. ಗ್ವಾಡಿ ಒಡದದ್ದು ಕಂಡರ ಹಳೀ ಮನಿ ಅಂತ ಬರಕೊಂಡರ?" ಎನ್ನುವರು. ಸ್ವಲ್ಪ ಹೊತ್ತಿಗೆ, "ಆದರ ಕಿಡಕಿ ಇದ್ದ ಮನಿಗೆ ಪರಿಹಾರ ಹೆಚ್ಚ ಸಿಗಬಹುದು" ಎಂದು ಗಡ್ಡ ಕೆರೆದುಕೊಳ್ಳುವರು.

"ಕಾಕಾ, ನೀರು ಬರೂ ತನಕ ಕಾಕಿ ಉಸರ ಆಡಬೇಕಲ್ರಿ?" ಎಂದು ನಾನೊಮ್ಮೆ ರೇಗಿದೆ.

"ನಾ ಏನ ಬ್ಯಾಡ ಅಂದೀನೇನು? ಕಿಡಕಿ ವಿಚಾರ ನಡದೈತಿ" ಎಂದರು.

ನನಗೆ ಅಳಬೇಕೆನಿಸಿತು. ಇಂಥವರನ್ನು ಏನು ಮಾಡಬೇಕು? ಕೆಟ್ಟವರಾಗಿದ್ದರೆ ಜಗಳವಾಡಬಹುದು, ದಡ್ಡರಾಗಿದ್ದರೆ ತಿಳಿಸಿ ಹೇಳಬಹುದು. ಇವರು ಎರಡೂ ಅಲ್ಲ. ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಕಾಕಾನಿಗೆ ಹೆದರಿಕೆ. ಗೋಡೆ ಒಡೆದರೆ ಒಡೆದದ್ದೇ, ತಪ್ಪಿದರೆ ತಪ್ಪಿದ್ದೇ. ವಿಚಾರ ಮಾಡುತ್ತ ಕುಳಿತಷ್ಟು ಹೊತ್ತು ಯಾವುದೂ ತಪ್ಪುವುದಿಲ್ಲ, ಗೋಡೆಯೂ ಗಟ್ಟಿಯಾಗಿರುತ್ತದೆ, ಮರ್ಯಾದೆಯೂ. ನಮ್ಮಲ್ಲಿ ಬಹಳ ಮಂದಿ ಹೀಗೆಯೇ ಅಲ್ಲವೇ? ಮಾಡಬೇಕಾದ ಕೆಲಸ ಮುಂದೆಯೇ ಕುಳಿತು ಕೆಮ್ಮುತ್ತಿರುತ್ತದೆ, ನಾವು ದಿಕ್ಕು ಗಾಳಿ ನೀರು ಸರಕಾರ ಎಂದು ಲೋಕವನ್ನೆಲ್ಲ ಸುತ್ತಿ ಬರುತ್ತೇವೆ. ಸರಳವಾಗಿ ಬದುಕುವುದು ಹೇಗೆಂದು ಮಠಗಳಲ್ಲಿ ಪ್ರವಚನ ಕೇಳುತ್ತೇವೆ. ಕಾಕಾ ಕೂಡ ಶಿವಯೋಗ ಮಂದಿರಕ್ಕೆ ಹೋಗಿ ಪ್ರವಚನ ಕೇಳಿ ಬಂದು, ಸರಳ ಬದುಕು ಎಂದರೇನು ಎಂದು ನನಗೆ ಇಡೀ ಸಂಜೆ ವಿವರಿಸಿದ್ದರು. ಒಳಗೆ ಕಾಕಿ ಕತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಎಂಬತ್ತರ ದಶಕ ಬಂದು ಕೆಲ ವರ್ಷಗಳಾದ ಮೇಲೆ ಒಂದು ಮುಂಜಾನೆ ಕಾಕಿ ಒಲೆಯ ಮುಂದೆಯೇ ಕುಸಿದಳು. ಸುದ್ದಿ ಬಂದು ನಾನು ಓಡಿಹೋಗುವಷ್ಟರಲ್ಲಿ ದವಾಖಾನೆಗೆ ಸೇರಿಸಿದ್ದರು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, ನಮ್ಮಿಬ್ಬರನ್ನು ಹೊರಗೆ ಕರೆದು, "ಎದಿ ಪೂರ್ತಿ ಕೆಟ್ಟೈತ್ರಿ. ಔಷಧದಲೆ ಭಾಳ ಏನೂ ಆಗೂದಿಲ್ಲ. ಹೊಗಿಯಿಂದ ದೂರ ಇಡ್ರಿ, ಅಷ್ಟ" ಎಂದರು. ಇದಕ್ಕಿಂತ ಸರಳವಾದ ಚೀಟಿಯನ್ನು ಯಾವ ಡಾಕ್ಟರೂ ಬರೆದಿರಲಿಕ್ಕಿಲ್ಲ. ಕಾಕಾ ಕೇಳಿದರು:

"ಯಾವ ಹೊಗಿ ಡಾಕ್ಟರ್ ಸಾಹೇಬ್ರ? ಕುಳ್ಳಿಂದೋ, ಕಟಗೀದೋ?"

"ಹೊಗಿ ಅಂದ್ರ ಹೊಗೀರಿ!" ಎಂದು ಡಾಕ್ಟರು ಒಳಗೆ ಹೋದರು.

ಆ ಘಳಿಗೆಯಲ್ಲಿ ನನಗೆ ಕಾಕಾನ ಮೇಲೆ ಬಂದ ಸಿಟ್ಟು ಹೇಳತೀರದು. ಹಿರಿಯರೆಂದು ನಾಲಿಗೆ ಕಚ್ಚಿಕೊಂಡು ಹುನಗುಂದಕ್ಕೆ ವಾಪಸ್ಸು ಬಂದೆ. ಕಾಕಿಯನ್ನು ಮನೆಗೆ ಕಳಿಸಿದರೆಂದು ತಿಳಿದ ನಂತರದ ಭಾನುವಾರ ಒಬ್ಬ ಗೌಂಡಿಯನ್ನು ಅವನ ಹಾರೆ, ಸುತ್ತಿಗೆ ಸಮೇತ ಬಸ್ಸಿನಲ್ಲಿ ಹತ್ತಿಸಿಕೊಂಡು ಬಾಗಲಕೋಟೆಗೆ ಹೊರಟೆ. ದಾರಿಯುದ್ದಕ್ಕೂ ಕಾಕಾನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಇವತ್ತು ವಿಚಾರವಿಲ್ಲ, ಗೋಡೆಗೆ ಹಾರೆ ಅಷ್ಟೇ. ಅಡ್ಡ ಬಂದರೆ ಕಾಕಾ ಅಂತಲೂ ನೋಡುವುದಿಲ್ಲ!

ಓಣಿ ತಿರುಗಿದಾಗ ಕಂಡದ್ದು: ಕಾಕಿ ಮನೆಯ ಮುಂದಿನ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ, ಗೋಡೆಗೆ ಒರಗಿ ಕುಳಿತಿದ್ದಾಳೆ. ಬಹಳ ಇಳಿದುಹೋಗಿದ್ದಳು. ಮುಂದೆ ತಾಟು. ತಾಟಿನಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಲೆ, ಒಂದಿಷ್ಟು ಶೇಂಗಾ ಚಟ್ನಿ. ರೊಟ್ಟಿ ದುಂಡಗಿರಲಿಲ್ಲ, ಅಂಚು ಹರಿದು, ಅಲ್ಲಲ್ಲಿ ಸೀದಿತ್ತು. ಆದರೆ ಅದರಿಂದ ಹಬೆ ಏಳುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ನಡುನಡುವೆ ಕೆಮ್ಮು. ಗಂಡಸಿನ ಕೆಮ್ಮು.

"ಒಳಗ ಯಾರ ಅದಾರ ಕಾಕಿ?" ಎಂದೆ, ಗೊತ್ತಿದ್ದೂ.

"ಮತ್ಯಾರು? ಅವರ. ದವಾಖಾನಿಯಿಂದ ಬಂದವರ ಕೈಕಾಲು ತೊಳಕೊಂಡು ಒಲಿ ಮುಂದ ಕುಂತರು. ಅವತ್ತಿನಿಂದ ನನ್ನ ಹೊಸಿಲ ದಾಟಿ ಒಳಗ ಬಿಟ್ಟಿಲ್ಲ. ಓಣಿ ಹೆಣಮಕ್ಕಳೆಲ್ಲ ಬಾಯಿಗೆ ಸೆರಗ ಹಿಡಕೊಂಡು ನಗಾಕತ್ತಾರ."

"ವಿಚಾರ ಮಾಡಲಿಲ್ಲೇನು?"

"ಇಲ್ಲೋ ತಮ್ಮಾ" ಎಂದಳು ಕಾಕಿ. ತಾನೇ ನಂಬದವಳಂತೆ ತಲೆಯಾಡಿಸಿದಳು. "ಒಂದ ಮಾತೂ ಆಡಲಿಲ್ಲ. ನನಗ ಅಂಜಿಕಿ ಆತು."

ದಾರಿಯಲ್ಲಿ ಜೋಡಿಸಿಟ್ಟ ಮಾತುಗಳನ್ನೆಲ್ಲ ಬಿಟ್ಟು ನಾನು ಕಟ್ಟೆಯ ತುದಿಗೆ ಕುಳಿತೆ. ಕಾಕಿ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟುಕೊಂಡಳು. ನಿಧಾನ ಅಗಿದಳು. "ಬಿಸಿ ರೊಟ್ಟಿ ಹಿಂಗ ಇರತೈತಿ ಅಂತ ನನಗ ನೆನಪ ಹೋಗಿತ್ತಪಾ" ಎಂದಳು. "ಲಗ್ನ ಆಗಿ ಈ ಮನಿಗೆ ಬಂದ ಮ್ಯಾಲ ಮಂದೀಗೆ ಹಾಕಿ ಹಾಕಿ, ನಾ ಉಣ್ಣೂವಾಗ ಎಲ್ಲಾ ಆರಿ ಹೋಗಿರತಿತ್ತು." ನಾನು ಆ ಮನೆಯಲ್ಲಿ ಅವಳ ಕೈಯಿಂದ ತಿಂದ ಬಿಸಿ ರೊಟ್ಟಿಗಳೆಲ್ಲ ಆಗ ನನಗೆ ನೆನಪಾಗಿ ಮುಖ ತಿರುಗಿಸಿದೆ.

ಗೌಂಡಿ ಹಾರೆ ಹಿಡಿದು ಒಳಗೆ ಹೋದ, ನಾನೂ ಹೋದೆ. ಹೊಗೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಲೆಯ ಮುಂದೆ ಕಾಕಾ ಕಂಡರು. ಧೋತರ ಮೊಣಕಾಲಿಗೆ ಕಟ್ಟಿ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು, ಹಂಚಿನ ಮೇಲೆ ರೊಟ್ಟಿಗೆ ನೀರು ಸವರುತ್ತಿದ್ದರು. ಕಣ್ಣು ಕೆಂಪಾಗಿ ಬಾತು ನೀರು ಸುರಿಯುತ್ತಿತ್ತು.

"ಎಲ್ಲಿ ಹೊಡೀಲ್ರಿ?" ಎಂದು ಗೌಂಡಿ ಕೇಳಿದ.

ಕಾಕಾ ತಲೆಯೆತ್ತಿ ನಾಲ್ಕೂ ಗೋಡೆ ನೋಡಿದರು. ಬಾಯಿ ತೆರೆದರು. ಶುರುವಾಯಿತಲ್ಲಪ್ಪ ಎಂದುಕೊಂಡೆ. ಅಷ್ಟರಲ್ಲಿ ಹೊರಗಿನಿಂದ, ಆ ಕೆಟ್ಟ ಎದೆಯಲ್ಲಿ ಅಷ್ಟು ದನಿ ಎಲ್ಲಿತ್ತೋ, ಕಾಕಿ ಕೂಗಿದಳು. ತನ್ನ ಉಸಿರಿಗಾಗಿ ಅಷ್ಟು ವರ್ಷ ಕಾದವಳು ಅವರ ಕಣ್ಣಿಗಾಗಿ ಒಂದು ಕ್ಷಣವೂ ಕಾಯಲು ಒಪ್ಪಲಿಲ್ಲ.

"ಅವರನ್ನ ಕೇಳಬ್ಯಾಡೋ! ಕೈಗೆ ಸಿಕ್ಕಲ್ಲೆ ಹೊಡಿ! ಹೊಗಿಗೆ ಅವರ ಕಣ್ಣು ಹೋಗತಾವು!"

ಗೌಂಡಿ ತಾನು ನಿಂತ ಕಡೆಯ ಗೋಡೆಗೇ ಹಾರೆ ಹಾಕಿದ. ಮಣ್ಣು ಉದುರಿತು, ಕಲ್ಲು ಜಾರಿತು, ಅಂಗೈಯಗಲದ ಬಿಸಿಲು ಒಳಗೆ ಬಂತು. ಹೊಗೆ ಒಂದು ಕ್ಷಣ ತಡೆದು, ಆ ಸಂದಿಯಿಂದ ಹೊರಗೆ ಹೋಗತೊಡಗಿತು. ಯಾವ ದಿಕ್ಕಿನ ಗೋಡೆ ಎಂದು ನಾನು ನೋಡಲಿಲ್ಲ, ಕಾಕಾನೂ ಕೇಳಲಿಲ್ಲ. ಇದೆಲ್ಲ ತೀರ ತಡವಾಗಿ ಆಗುತ್ತಿದೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು, ಡಾಕ್ಟರ ಮಾತನ್ನು ಇಬ್ಬರೂ ಕೂಡಿಯೇ ಕೇಳಿದ್ದೆವು. ಕಾಕಾ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿಕೊಂಡು, ಸುಡುತ್ತಿದ್ದರೂ ಕೈ ಬದಲಿಸುತ್ತ ಹೊರಗೆ ನಡೆದು, ಕಾಕಿಯ ತಾಟಿಗೆ ಹಾಕಿ ಎದುರಿಗೆ ಕುಳಿತರು.

"ಉಣ್ಣು" ಎಂದರು. "ಆರತೈತಿ."